ತಲೆಕೆಳಗಾಗುವ ರೈಲು: ವಯಸ್ಸು ಕೇಳಬೇಡಿ ಸ್ವಾಮೀ, ಬೋಲ್ಟು ನೋಡಿ!

ಎರಡು ಯಂತ್ರ. ಎರಡನ್ನೂ ಮಾಡಿದ ಕೈ ಒಂದೇ. ಒಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಓಡಲು ಶುರುಮಾಡಿತು. ಅಜ್ಜ ಕೂತ ಬಂಡಿಯಲ್ಲಿ ಮಗ ಕೂತ, ಮಗ ಕೂತ ಕಡೆ ಮೊಮ್ಮಗ ಕೂತ. ಎಲ್ಲರನ್ನೂ ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡಿ ಇಳಿಸಿತು. ಇನ್ನೊಂದು ಕೆನಡಾದ ಎಡ್ಮಂಟನ್ ಪಟ್ಟಣದಲ್ಲಿ 1985ರ ಡಿಸೆಂಬರಿನಲ್ಲಿ ಶುರುವಾಯಿತು. ಆರು ತಿಂಗಳು ತುಂಬೋದಕ್ಕೆ ಮೊದಲೇ ಮೂರು ಜನರ ಪ್ರಾಣ ತೆಗೆಯಿತು.

ಹಳೆಯದು ಬಾಳಿತು, ಹೊಸದು ಕೊಂದಿತು. ಲೋಕದ ಲೆಕ್ಕಕ್ಕೆ ಇದು ಉಲ್ಟಾ ಅಲ್ಲವೇ?

ಚರಂಡಿ, ಬೀದಿದೀಪ, ಬಸ್‌ಸ್ಟ್ಯಾಂಡಿನ ನಲ್ಲಿ ಸುದ್ದಿ ಬಿಟ್ಟು ಇವತ್ತು ಸಮುದ್ರದಾಚೆಯ ಸಮಾಚಾರ ಯಾಕೆ ಅಂತೀರಾ? ಕಾರಣ ಇದೆ. ಜಾತ್ರೆ ಬಂತು ಅಂದ್ರೆ, ವಸ್ತುಪ್ರದರ್ಶನ ಬಂತು ಅಂದ್ರೆ, ತಿರುಗೋ ತೊಟ್ಟಿಲ ಕೆಳಗೆ ನಿಂತು ಜನ ಕೇಳೋ ಪ್ರಶ್ನೆ ಒಂದೇ: "ಇದು ಹಳೇದಾ, ಹೊಸದಾ?" ಬಣ್ಣ ಮಾಸಿದ್ರೆ ಹಿಂದೆ ಸರೀತಾರೆ. ಫಳಫಳ ಹೊಳೀತಿದ್ರೆ ಮಕ್ಕಳ ಕೈ ಹಿಡಿದು ಟಿಕೆಟ್ ಕೌಂಟರಿಗೆ ನುಗ್ಗುತ್ತಾರೆ. ಆ ಪ್ರಶ್ನೆಯೇ ಸರಿ ಇಲ್ಲ ಅನ್ನೋದನ್ನ ಈ ಎರಡು ಯಂತ್ರಗಳು ಹೇಳುತ್ತವೆ. ಮೊದಲು ಹಿರಿಯನ ಕಥೆ ಕೇಳಿ.

ಗುಡ್ಡದ ಮೇಲಿನ ಕ್ರಾಂತಿ

ಲಾಸ್ ಏಂಜಲೀಸ್ ಪಟ್ಟಣದ ಉತ್ತರಕ್ಕೆ ವೆಲೆನ್ಸಿಯಾ ಅಂತ ಒಂದು ಜಾಗ. ಅಲ್ಲಿ 1971ರಲ್ಲಿ 'ಮ್ಯಾಜಿಕ್ ಮೌಂಟನ್' ಎಂಬ ವಿನೋದ ಉದ್ಯಾನ ಬಾಗಿಲು ತೆರೆಯಿತು. ಐದು ವರ್ಷ ಕಳೆದ ಮೇಲೆ, 1976ರ ಮೇ 8ರಂದು, ಅಲ್ಲೊಂದು ಹೊಸ ರೋಲರ್ ಕೋಸ್ಟರ್ ಶುರುವಾಯಿತು. ಆ ವರ್ಷ ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬಿದ ಸಂಭ್ರಮ. ಹಾಗಾಗಿ ಅದಕ್ಕೆ 'ಗ್ರೇಟ್ ಅಮೆರಿಕನ್ ರೆವಲ್ಯೂಷನ್' ಅಂತಲೇ ಹೆಸರಿಟ್ಟರು. ಜನರ ಬಾಯಲ್ಲಿ ಅದು ಬರೀ 'ರೆವಲ್ಯೂಷನ್' ಆಯಿತು. ಇಂಗ್ಲಿಷಿನಲ್ಲಿ ಆ ಮಾತಿಗೆ ಕ್ರಾಂತಿ ಅಂತಲೂ ಅರ್ಥ, ಒಂದು ಸುತ್ತು ಅಂತಲೂ ಅರ್ಥ. ಎರಡೂ ಸರಿಯಾಗೇ ಹೊಂದಿತು.

ಗುಡ್ಡದ ಇಳಿಜಾರಿನಲ್ಲಿ ಮರಗಳ ನಡುವೆ ಹಾದು ಹೋಗುವ ಉಕ್ಕಿನ ಕೊಳವೆಯ ಹಳಿ. ಉದ್ದ 3,457 ಅಡಿ, ಅಂದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಎತ್ತರ 113 ಅಡಿ. ವೇಗ ಗಂಟೆಗೆ 88 ಕಿಲೋಮೀಟರ್. ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಜೋರಾಗಿ ಹೋದ ಹಾಗೆ ಅನ್ನಿ. ಇದರಲ್ಲೇನು ವಿಶೇಷ? ವಿಶೇಷ ಇರೋದು ಹಾದಿಯ ನಡುವೆ ನಿಲ್ಲಿಸಿದ 90 ಅಡಿ ಎತ್ತರದ ಲೂಪಿನಲ್ಲಿ. ರೈಲು ನೇರ ಬಂದು, ಗೋಡೆ ಹತ್ತಿದಂತೆ ಮೇಲೇರಿ, ನೆತ್ತಿಯಲ್ಲಿ ಜನರ ಕಾಲು ಆಕಾಶಕ್ಕೆ ತಲೆ ಭೂಮಿಗೆ ಆಗಿ, ಆಚೆ ಕಡೆ ಇಳಿದು ಮುಂದಕ್ಕೆ ಹೋಗುತ್ತೆ. ಈ ಕಾಲದ ಉಕ್ಕಿನ ರೋಲರ್ ಕೋಸ್ಟರುಗಳಲ್ಲಿ ಹೀಗೆ ನಿಂತ ಲೂಪು ಸುತ್ತಿ ಗೆದ್ದದ್ದು ಇದೇ ಮೊದಲು.

ಅದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಅದೇ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ 'ಕಾರ್ಕ್‌ಸ್ಕ್ರೂ' ಅನ್ನೋದು ಬಂದಿತ್ತು. ಅದೂ ತಲೆಕೆಳಗು ಮಾಡ್ತಿತ್ತು ನಿಜ. ಆದರೆ ಅದು ಸ್ಕ್ರೂ ತಿರುಗಿದ ಹಾಗೆ ಮಗ್ಗುಲಾಗಿ ಹೊರಳಿಸುತ್ತಿತ್ತು. ಎದುರಿಗೇ ಎದ್ದು ನಿಂತು ಹಿಂದಕ್ಕೆ ಮಗುಚೋ ಧೈರ್ಯ ಮಾಡಿದ್ದು ರೆವಲ್ಯೂಷನ್.

ಹಿಂದಿನವರ ಕತ್ತು ನೋವು

ಹಾಗಂತ ಲೂಪು ಕಟ್ಟಬೇಕು ಅನ್ನೋ ಆಸೆ 1976ರಲ್ಲಿ ಹುಟ್ಟಿದ್ದಲ್ಲ. 1846ರಲ್ಲೇ ಪ್ಯಾರಿಸ್ ಪಟ್ಟಣದ ಒಂದು ತೋಟದಲ್ಲಿ ಇಂಥದೊಂದು ಮಾಡಿ ಜನರನ್ನು ಕೂರಿಸಿದ್ದರು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಸಮುದ್ರತೀರದಲ್ಲಿ 'ಫ್ಲಿಪ್ ಫ್ಲಾಪ್' ಅಂತ ಒಂದು ಬಂತು. ಹತ್ತಿ ಇಳಿದವರು ಕತ್ತು ಹಿಡಿದುಕೊಂಡು, ಬೆನ್ನು ಹಿಡಿದುಕೊಂಡು ಮನೆಗೆ ಹೋದರು. 1901ರಲ್ಲಿ ಅದೇ ತೀರದಲ್ಲಿ 'ಲೂಪ್ ದಿ ಲೂಪ್' ಬಂತು. ಇದರ ಆಕಾರ ಸ್ವಲ್ಪ ಉದ್ದುದ್ದ, ಹಾಗಾಗಿ ನೋವು ಕಡಿಮೆ. ಆದರೆ ಒಂದು ಸಲಕ್ಕೆ ನಾಲ್ಕೇ ಜನ. ಹತ್ತುವವರಿಗಿಂತ ಕಾಸು ಕೊಟ್ಟು ನೋಡೋಕೆ ಬಂದವರೇ ಜಾಸ್ತಿ. ಅಂಗಡಿ ಬಾಗಿಲಲ್ಲಿ ಜನವೋ ಜನ, ಗಲ್ಲಾಪೆಟ್ಟಿಗೆ ಮಾತ್ರ ಖಾಲಿ ಅನ್ನೋ ಹಾಗೆ. ಅದೂ ಮುಚ್ಚಿತು.

ತೊಂದರೆ ಎಲ್ಲಿತ್ತು? ಬಳೆಯಂಥ ದುಂಡಗಿನ ಆಕಾರದಲ್ಲಿತ್ತು.

ನೀರು ತುಂಬಿದ ಬಕೆಟ್ಟನ್ನು ಕೈಯಲ್ಲಿ ಹಿಡಿದು ಗಿರ್ರನೆ ತಲೆ ಮೇಲೆ ಸುತ್ತಿಸಿದರೆ ನೀರು ಚೆಲ್ಲೋದಿಲ್ಲ. ಊರ ಹುಡುಗರಿಗೆಲ್ಲ ಗೊತ್ತಿರೋ ಆಟ ಇದು. ಮೆಲ್ಲಗೆ ಸುತ್ತಿಸಿದರೆ ಮಾತ್ರ ತಲೆಗೆ ಸ್ನಾನ. ರೈಲಿಗೂ ಅದೇ ನಿಯಮ. ನೆತ್ತಿಯಲ್ಲಿ ಜನ ಸೀಟಿಗೆ ಅಂಟಿಕೊಂಡಿರಬೇಕಾದರೆ ವೇಗ ಬೇಕು. ಆ ವೇಗ ಬೇಕು ಅಂದರೆ ಬುಡದಲ್ಲಿ ಇನ್ನೂ ಜೋರಾಗಿ ನುಗ್ಗಬೇಕು. ಹಳಿ ಬಳೆಯ ಹಾಗೆ ದುಂಡಗೇ ಇದ್ದರೆ, ನೆತ್ತಿಯಲ್ಲಿ ಹೇಗೋ ಬೀಳದೆ ದಾಟುವಷ್ಟು ವೇಗ ಇಟ್ಟುಕೊಂಡರೂ, ಬುಡದಲ್ಲಿ ಕೂತವನ ತೂಕ ಆರು ಪಟ್ಟು ಆಗುತ್ತೆ. ಬಳೆ ದೊಡ್ಡದಿರಲಿ ಚಿಕ್ಕದಿರಲಿ, ಲೆಕ್ಕ ಅಷ್ಟೇ. 60 ಕಿಲೋ ಮನುಷ್ಯ ಆ ಗಳಿಗೆಯಲ್ಲಿ 360 ಕಿಲೋ ತೂಗುತ್ತಾನೆ. ಏಳು ಮೂಟೆ ಅಕ್ಕಿಗಿಂತ ಭಾರ! ಅದೂ ನೇರ ಹಾದಿಯಿಂದ ಬಳೆಗೆ ಕಾಲಿಟ್ಟ ಕೂಡಲೇ, ಒಂದೇ ಏಟಿಗೆ. ಕತ್ತು ಉಳುಕದೆ ಇನ್ನೇನಾದೀತು?

ಘಾಟಿ ರಸ್ತೆಯ ಗುಟ್ಟು

ಇದಕ್ಕೆ ಮದ್ದು ಹುಡುಕಿದವನು ವರ್ನರ್ ಸ್ಟೆಂಗಲ್ ಎಂಬ ಜರ್ಮನ್ ಇಂಜಿನಿಯರ್. ಲೂಪನ್ನು ಬಳೆಯ ಹಾಗೆ ಮಾಡಬೇಡಿ, ತಲೆಕೆಳಗಾದ ನೀರಿನ ಹನಿಯ ಹಾಗೆ ಮಾಡಿ ಅಂದ. ಬುಡದಲ್ಲಿ ತಿರುವು ಅಗಲ, ಮೇಲೆ ಹೋಗ್ತಾ ಹೋಗ್ತಾ ತಿರುವು ಬಿಗಿ. ವೇಗ ಜಾಸ್ತಿ ಇರೋ ಬುಡದಲ್ಲಿ ನಿಧಾನದ ತಿರುವು, ವೇಗ ಕಡಿಮೆ ಆದ ನೆತ್ತಿಯಲ್ಲಿ ಚುರುಕು ತಿರುವು. ಭಾರ ಒಂದೇ ಏಟಿಗೆ ಬೀಳೋದಿಲ್ಲ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತೆ.

ಇದು ಆಕಾಶದಿಂದ ಉದುರಿದ ವಿದ್ಯೆ ಅಲ್ಲ. ದಿನಾ ಬಸ್ಸಿನಲ್ಲಿ ಓಡಾಡೋರು ಇದನ್ನು ಮೈಯಲ್ಲೇ ಕಂಡಿದ್ದಾರೆ. ಸರಿಯಾಗಿ ಕಟ್ಟಿದ ರಸ್ತೆಯ ತಿರುವಿನಲ್ಲಿ ಬಸ್ಸು ನೇರ ಹಾದಿಯಿಂದ ತಟ್ಟನೆ ಮುರಿದುಕೊಳ್ಳೋದಿಲ್ಲ. ಮೊದಲು ಅಗಲವಾಗಿ ಬಾಗಿ, ಆಮೇಲೆ ಬಿಗಿಯಾಗಿ, ಮತ್ತೆ ಅಗಲವಾಗುತ್ತೆ. ನಿಂತವರು ಕಂಬಿ ಹಿಡಿದು ಸುಧಾರಿಸಿಕೊಳ್ಳೋಕೆ ಸಮಯ ಸಿಗುತ್ತೆ. ರೈಲು ಹಳಿಗಳಲ್ಲೂ, ಹೆದ್ದಾರಿಗಳಲ್ಲೂ ಇಂಜಿನಿಯರುಗಳು ಬಹಳ ಹಿಂದಿನಿಂದ ಬಳಸಿದ ತಿರುವು ಇದು. ಸ್ಟೆಂಗಲ್ ಮಾಡಿದ್ದೇನು ಅಂದರೆ, ಮಲಗಿದ್ದ ಆ ತಿರುವನ್ನು ಎತ್ತಿ ನಿಲ್ಲಿಸಿದ.

ಇನ್ನೊಂದು ಮಾತು. ಇಂಥ ಲೂಪಿನಲ್ಲಿ ಬುಡದಿಂದ ನೆತ್ತಿವರೆಗೂ ಮನುಷ್ಯನನ್ನು ಸೀಟಿನ ಕಡೆಗೇ ಒತ್ತುವ ಬಲ ಇರುತ್ತೆ. ತಲೆಕೆಳಗಾದರೂ ಬೀಳೋ ಭಯ ಇಲ್ಲ. ಹಾಗಾಗಿ ಮೊದಲ ದಿನಗಳಲ್ಲಿ ರೆವಲ್ಯೂಷನ್‌ನಲ್ಲಿ ತೊಡೆಯ ಮೇಲೆ ಬರುವ ಒಂದು ಅಡ್ಡಕಂಬಿ ಬಿಟ್ಟರೆ ಬೇರೇನೂ ಇರಲಿಲ್ಲ. ಭುಜ ಖಾಲಿ, ಎದೆ ಖಾಲಿ. ಈ ಮಾತು ನೆನಪಿರಲಿ, ಮುಂದೆ ಬರುತ್ತೆ.

ಜಾತ್ರೆ ಗಾಡಿ ಮಾಡುತ್ತಿದ್ದ ಮನೆ

ಲೆಕ್ಕ ಹಾಕಿದವನು ಸ್ಟೆಂಗಲ್. ಉಕ್ಕು ಬಗ್ಗಿಸಿ ಕಟ್ಟಿದವನು ಆಂಟನ್ ಶ್ವಾರ್ಜ್‌ಕೋಫ್. 1924ರಲ್ಲಿ ಹುಟ್ಟಿದ ಈತ ಜರ್ಮನಿಯ ಬವೇರಿಯಾ ಸೀಮೆಯ ಮ್ಯೂನ್‌ಸ್ಟರ್‌ಹೌಸನ್ ಎಂಬ ಚಿಕ್ಕ ಊರಿನವನು. ಮನೆತನದ ಕಸುಬು ಗಾಡಿ ಕಟ್ಟೋದು. ಊರಿಂದೂರಿಗೆ ಹೋಗುವ ಸರ್ಕಸ್ಸಿನವರಿಗೆ, ಜಾತ್ರೆ ಆಟದವರಿಗೆ ಗಾಡಿ ಮಾಡಿಕೊಡುತ್ತಿದ್ದರು. ಗಾಡಿಯಿಂದ ಆಟದ ಯಂತ್ರಕ್ಕೆ, ಅಲ್ಲಿಂದ ರೋಲರ್ ಕೋಸ್ಟರಿಗೆ ಬಂದವನು ಈತ.

ಜಾತ್ರೆಯವರ ಜೊತೆ ವ್ಯವಹಾರ ಮಾಡಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ: ಬಿಚ್ಚಿ ಲಾರಿಗೆ ಹೇರೋಕೆ ಬರಬೇಕು, ಇನ್ನೊಂದು ಊರಲ್ಲಿ ಇಳಿಸಿ ಜೋಡಿಸೋಕೆ ಬರಬೇಕು. ಈತನ ಕೈಯಿಂದ ಆಮೇಲೆ ಬಂದ 'ಒಲಿಂಪಿಯಾ ಲೂಪಿಂಗ್' ಅಂಥದೇ. ಒಲಿಂಪಿಕ್ ಬಾವುಟದ ಐದು ಬಳೆಗಳ ಹಾಗೆ ಐದು ಲೂಪು. 1989ರಲ್ಲಿ ಮ್ಯೂನಿಕ್ ಪಟ್ಟಣದ ದೊಡ್ಡ ಬಿಯರ್ ಜಾತ್ರೆಯಲ್ಲಿ ನಿಂತಿತು. ಐದು ಲೂಪನ್ನೂ ಬಿಚ್ಚಿ, ಗಾಡಿಗಳ ಮೇಲೆ ಹೇರಿ, ಊರೂರು ತಿರುಗಿಸೋದು ಅಂದ್ರೆ ಸಾಮಾನ್ಯವೇ?

ಸಿನಿಮಾಕ್ಕೂ ಬಂತು, ಹಿಂದಕ್ಕೂ ಸರೀತು

ರೆವಲ್ಯೂಷನ್‌ಗೆ ಮೊದಲೆರಡು ವರ್ಷ ಸ್ಟಾರ್ ಯೋಗ. 1977ರಲ್ಲಿ ಹಾಲಿವುಡ್ಡಿನವರು 'ರೋಲರ್‌ಕೋಸ್ಟರ್' ಎಂಬ ಸಿನಿಮಾ ತೆಗೆದರು. ಪಾರ್ಕುಗಳಲ್ಲಿ ಬಾಂಬ್ ಇಟ್ಟು ದುಡ್ಡು ಕೇಳೋ ಖಳ, ಅವನ ಹಿಂದೆ ಬಿದ್ದ ನಾಯಕ. ಕ್ಲೈಮ್ಯಾಕ್ಸ್ ಪೂರ್ತಿ ರೆವಲ್ಯೂಷನ್ ಸುತ್ತಲೇ. 1983ರ 'ನ್ಯಾಷನಲ್ ಲ್ಯಾಂಪೂನ್ಸ್ ವೆಕೇಷನ್' ಎಂಬ ನಗೆ ಸಿನಿಮಾದಲ್ಲೂ ಅದು ಮುಖ ತೋರಿಸಿತು.

ಆದರೆ ತಾರೆಯ ಕಾಲ ಎಷ್ಟು ದಿನ? ಲೂಪು ಸಾಧ್ಯ ಅಂತ ಗೊತ್ತಾದ ಮೇಲೆ ಲೋಕದ ಪಾರ್ಕುಗಳೆಲ್ಲ ಲೂಪು ಕಟ್ಟಿದವು. ಒಂದಕ್ಕೆ ಎರಡು ಕಟ್ಟಿದರು. 1978ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಂದರೊಳಗೊಂದು ಕೋದ ಎರಡು ಲೂಪು ಬಂತು. ಮ್ಯಾಜಿಕ್ ಮೌಂಟನ್ 1979ರಲ್ಲಿ 'ಸಿಕ್ಸ್ ಫ್ಲ್ಯಾಗ್ಸ್' ಕಂಪನಿಯ ಕೈಗೆ ಹೋಯಿತು. ಅದೇ ಆವರಣದಲ್ಲಿ ಇನ್ನೂ ಎತ್ತರದ್ದು, ಇನ್ನೂ ಜೋರಿನದು ಒಂದಾದ ಮೇಲೊಂದು ಎದ್ದು ನಿಂತವು. ರೆವಲ್ಯೂಷನ್ ಮರಗಳ ಮರೆಯಲ್ಲಿ ಉಳಿಯಿತು. ಎದುರಿಗೆ ದೊಡ್ಡ ಷೋರೂಮು ಬಂದಾಗ ಹಳೇ ಅಂಗಡಿ ಆಗೋ ಹಾಗೆ.

ಗೌರವ ಮಾತ್ರ ಕಡಿಮೆ ಆಗಲಿಲ್ಲ. 2002ರಲ್ಲಿ ಅಮೆರಿಕದ ರೋಲರ್ ಕೋಸ್ಟರ್ ಪ್ರಿಯರ ಸಂಘ ಇದನ್ನು ಚರಿತ್ರೆಯ ಹೆಗ್ಗುರುತು ಅಂತ ಮಾನ್ಯ ಮಾಡಿತು.

ಕಾಯೋಕೆ ಬಂದ ಕಂಬಿ, ಕಿವಿಗೆ ಬಡಿಯಿತು

ಈಗ ಆ ತೊಡೆ ಮೇಲಿನ ಅಡ್ಡಕಂಬಿಯ ಮಾತಿಗೆ ಬರೋಣ. 1990ರ ದಶಕದ ಆರಂಭದಲ್ಲಿ ರೆವಲ್ಯೂಷನ್ ಬಂಡಿಗಳಿಗೆ ಭುಜದ ಮೇಲಿಂದ ಇಳಿಯುವ ದಪ್ಪ ಕಂಬಿ ಹಾಕಿದರು. ತಲೆಕೆಳಗಾಗೋ ಯಂತ್ರದಲ್ಲಿ ಭುಜ ಹಿಡಿಯೋ ಕಂಬಿ ಇದ್ದರೆ ನೋಡೋರಿಗೆ ಧೈರ್ಯ. ಹೌದಲ್ಲ ಅನ್ನಿಸುತ್ತೆ.

ಆಗಿದ್ದೇ ಬೇರೆ. ಈ ಹಳಿ ತೊಡೆ ಕಂಬಿಗೆ ಅಂತಲೇ ಲೆಕ್ಕ ಹಾಕಿದ ಹಳಿ. ಗುಡ್ಡದ ಮೇಲೆ ಎಡಕ್ಕೆ ಬಲಕ್ಕೆ ಬಾಗುವಾಗ ಮನುಷ್ಯನ ಮೈ ಓಲಾಡಿಕೊಂಡು ಹೋಗುತ್ತಿತ್ತು. ಈಗ ಕಿವಿಯ ಎರಡೂ ಮಗ್ಗುಲಲ್ಲಿ ಗಟ್ಟಿ ಕಂಬಿ ಬಂದು ಕೂತಿತು. ಓಲಾಡಿದ ತಲೆ ಕಂಬಿಗೆ ಢಣ್. ಎಡಕ್ಕೆ ಢಣ್, ಬಲಕ್ಕೆ ಢಣ್. ಬೆಣ್ಣೆಯ ಹಾಗೆ ಜಾರುತ್ತೆ ಅಂತ ಹೆಸರು ಮಾಡಿದ್ದ ಯಂತ್ರಕ್ಕೆ 'ತಲೆ ಕುಟ್ಟೋ ಯಂತ್ರ' ಅನ್ನೋ ಕೆಟ್ಟ ಹೆಸರು ಬಂತು. ಹೊಸ ಪೀಳಿಗೆಯವರು "ಮುದಿ ಯಂತ್ರ, ಅದಕ್ಕೇ ಹೀಗೆ" ಅಂದರು. ಪಾಪ, ಹಳಿ ಬದಲಾಗಿರಲಿಲ್ಲ. ತಪ್ಪು ವಯಸ್ಸಿನದಲ್ಲ, ಆಮೇಲೆ ಹಾಕಿದ ಕಂಬಿಯದು.

20 ವರ್ಷ ಮೀರಿ ಹೀಗೇ ನಡೆಯಿತು. ಕೊನೆಗೆ 2016ರಲ್ಲಿ, ಯಂತ್ರಕ್ಕೆ 40 ತುಂಬಿದ ವರ್ಷ, ಹೊಸ ಬಂಡಿ ತಂದರು, ಹಳಿಗೆ ಹೊಸ ಬಣ್ಣ ಬಳಿದರು. ಭುಜದ ಕಂಬಿ ತೆಗೆದು ಮತ್ತೆ ತೊಡೆ ಮೇಲಿನ ಕಂಬಿಯನ್ನೇ ಕೂರಿಸಿದರು. 'ನ್ಯೂ ರೆವಲ್ಯೂಷನ್' ಅಂತ ಹೆಸರು ತಿದ್ದಿದರು. ಕಣ್ಣಿಗೆ ಕಟ್ಟುವ ಕನ್ನಡಕದಲ್ಲಿ ಬೇರೆ ಲೋಕದ ಚಿತ್ರ ತೋರಿಸೋ ಹೊಸ ಗಿಮಿಕ್ಕೂ ಕೆಲಕಾಲ ನಡೆಯಿತು. ಜನಕ್ಕೆ ಬೇಕಾಗಿದ್ದು ಕನ್ನಡಕ ಅಲ್ಲ, ಕಿವಿಗೆ ಬಡಿಯದ ಸೀಟು. ಅದು ಸಿಕ್ಕಿತು.

ನೋಡೋಕೆ ಭದ್ರ ಅನ್ನಿಸೋದೆಲ್ಲ ಭದ್ರ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಡ.

ಹಾಗಂತ ರೆವಲ್ಯೂಷನ್ ಚರಿತ್ರೆ ಪೂರ್ತಿ ಬೆಳ್ಳಗಿದೆ ಅಂತಲ್ಲ. 1996ರಲ್ಲಿ ಪಾರ್ಕಿನ ಕೆಲಸಗಾರ್ತಿಯೊಬ್ಬಳು ಹಳಿ ದಾಟುವಾಗ ರೈಲು ಬಡಿದು ಸತ್ತಳು. ಹತ್ತಿ ಕೂತವರ ಕಾವಲು ಎಷ್ಟು ಮುಖ್ಯವೋ, ಹಳಿ ಪಕ್ಕ ಕಸ ಗುಡಿಸುವವರ ಕಾವಲೂ ಅಷ್ಟೇ ಮುಖ್ಯ. ಈ ಮಾತು ಯಾವ ಜಾಹೀರಾತಿನಲ್ಲೂ ಬರೋದಿಲ್ಲ.

ಆರು ತಿಂಗಳ ಕೂಸು

ಇನ್ನು ಎರಡನೇ ಯಂತ್ರ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ವೆಸ್ಟ್ ಎಡ್ಮಂಟನ್ ಮಾಲ್ ಅಂದರೆ ಒಂದು ಊರನ್ನೇ ಸೂರಿನ ಕೆಳಗೆ ತಂದಂಥ ಅಂಗಡಿ ಸಾಲು. ಅದರೊಳಗೇ ವಿನೋದ ಉದ್ಯಾನ. 1985ರ ಡಿಸೆಂಬರ್ 20ರಂದು ಅಲ್ಲಿ 'ಮೈಂಡ್‌ಬೆಂಡರ್' ಶುರುವಾಯಿತು. 145 ಅಡಿ ಎತ್ತರ, ಮೂರು ಲೂಪು, ಎಲ್ಲ ಸೂರಿನಡಿಯಲ್ಲೇ. ಕಟ್ಟಿದವನು ಶ್ವಾರ್ಜ್‌ಕೋಫ್, ಲೆಕ್ಕ ಹಾಕಿದವನು ಸ್ಟೆಂಗಲ್. ಅದೇ ಕೈ, ಅದೇ ತಲೆ, ಅದೇ ನೀರಿನ ಹನಿಯ ಆಕಾರ. ಬಣ್ಣ ಇನ್ನೂ ಹೊಚ್ಚ ಹೊಸದು.

1986ರ ಜೂನ್ 14, ಶನಿವಾರ ಸಂಜೆ. ಜನಜಂಗುಳಿ. ರೈಲಿನ ಕೊನೆಯ ಬಂಡಿಯ ಒಂದು ಗಾಲಿಕಟ್ಟು ಕಳಚಿತು. ಕಾರಣ ಏನು? ಗಾಲಿಕಟ್ಟನ್ನು ಹಿಡಿದಿದ್ದ ಬೋಲ್ಟುಗಳು ಸಡಿಲವಾಗಿ ಬಿದ್ದುಹೋಗಿದ್ದವು. ಕೊನೆ ಬಂಡಿ ಹಳಿ ತಪ್ಪಿ ಅತ್ತ ಇತ್ತ ಬಡಿದಾಡಿತು. ಕೂತವರು ಹೊರಗೆ ಎಸೆಯಲ್ಪಟ್ಟರು. ಈ ಎಳೆದಾಟದಲ್ಲಿ ರೈಲಿನ ವೇಗ ಇಳಿದುಹೋಯಿತು. ಮೂರನೇ ಲೂಪು ಹತ್ತಿತು, ದಾಟಲಾಗಲಿಲ್ಲ. ಅರ್ಧಕ್ಕೆ ನಿಂತು, ಹಿಂದಕ್ಕೆ ಜಾರಿ, ಕಾಂಕ್ರೀಟ್ ಕಂಬಕ್ಕೆ ಅಪ್ಪಳಿಸಿತು. ಮೂರು ಜನ ಸತ್ತರು. ಇನ್ನೊಬ್ಬರಿಗೆ ಜೀವ ಹೋಗುವಂಥ ಪೆಟ್ಟು.

ಆಕಾರ ತಪ್ಪಿರಲಿಲ್ಲ. ಉಕ್ಕು ಮುದಿಯಾಗಿರಲಿಲ್ಲ. ಬೋಲ್ಟು ಸಡಿಲ ಆಗಿತ್ತು, ಅದನ್ನು ಬಿಗಿ ಮಾಡಬೇಕಾದ ಕೈ ಅಲ್ಲಿಗೆ ಹೋಗಿರಲಿಲ್ಲ. ಒಂದು ಸ್ಪ್ಯಾನರಿನ ಕೆಲಸ!

ಆಮೇಲೆ ಎಲ್ಲ ಬಂತು. ನಾಲ್ಕು ಬಂಡಿಯ ರೈಲನ್ನು ಮೂರಕ್ಕೆ ಇಳಿಸಿದರು. ಭುಜದ ಕಂಬಿ ಬಂತು, ಬೆಲ್ಟು ಬಂತು, ರೈಲು ಹಿಂದಕ್ಕೆ ಜಾರದಂತೆ ತಡೆ ಬಂತು. 1987ರಲ್ಲಿ ಮತ್ತೆ ಶುರುವಾದ ಯಂತ್ರ 30 ವರ್ಷಕ್ಕೂ ಹೆಚ್ಚು ಕಾಲ ಓಡಿತು. 2023ರ ಜನವರಿಯಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಮಾಲಿನವರು ಪ್ರಕಟಿಸಿದರು. ಹಳೇದಾದ ಮೇಲೆ ಅದು ಯಾರನ್ನೂ ಕೊಲ್ಲಲಿಲ್ಲ. ಕೊಂದದ್ದು ಹೊಸದಾಗಿದ್ದಾಗ.

ಬೆಳಗಿನ ಸುತ್ತು

ಹಾಗಾದರೆ ಹಳೇ ಯಂತ್ರವನ್ನು ಬದುಕಿಸೋದು ಏನು? ಬಾಗಿಲು ತೆರೆಯೋ ಮೊದಲು, ಬೆಳಗಿನ ಜಾವ ಹಳಿ ಉದ್ದಕ್ಕೂ ನಡೆದು ಬರುವ ಮೆಕ್ಯಾನಿಕ್. ಆತನ ಕೆಲಸ ಯಾವ ಟಿಕೆಟಿನ ಹಿಂದೆಯೂ ಬರೆದಿರೋದಿಲ್ಲ.

ಇಂಥ ರೈಲಿಗೆ ಇಂಜಿನ್ ಇಲ್ಲ. ಮೋಟಾರು ಎಳೆದು ಎತ್ತರಕ್ಕೆ ಹತ್ತಿಸಿ ಬಿಟ್ಟರೆ ಮುಗೀತು, ಆಮೇಲೆ ಎಲ್ಲ ಇಳಿಜಾರಿನ ಓಟ. ಪ್ರತಿ ಬಂಡಿಯ ಗಾಲಿಕಟ್ಟಿನಲ್ಲಿ ಮೂರು ತರಹದ ಗಾಲಿ. ಹಳಿ ಮೇಲೆ ಭಾರ ಹೊರುವುದು ಒಂದು, ಮಗ್ಗುಲಲ್ಲಿ ದಾರಿ ಹಿಡಿಸುವುದು ಒಂದು, ಹಳಿಯ ಕೆಳಗಿನಿಂದ ಕಚ್ಚಿ ಹಿಡಿಯುವುದು ಇನ್ನೊಂದು. ಮೂರೂ ಸೇರಿ ಹಳಿಯನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿದಿರುತ್ತವೆ. ಮುಷ್ಟಿಯ ಬೆರಳು ಬಿಚ್ಚಿದರೆ? ಎಡ್ಮಂಟನ್‌ನಲ್ಲಿ ಆದದ್ದು ಅದೇ.

ಬೋಲ್ಟು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಉಕ್ಕಿನವರೆಗೆ ಬಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ. ಮಾರನೇ ದಿನ ಗೀಟು ನೇರ ಇದ್ದರೆ ಬೋಲ್ಟು ಅಲ್ಲಾಡಿಲ್ಲ. ಗೀಟು ಮುರಿದಿದ್ದರೆ ಬೋಲ್ಟು ತಿರುಗಿದೆ ಅಂತ ಲೆಕ್ಕ. ಕಾಸಿಲ್ಲದ ಉಪಾಯ, ಕಣ್ಣಿದ್ದರೆ ಸಾಕು. ಬಸ್ ಡಿಪೋದಲ್ಲಿ ಗಾಲಿಯ ನಟ್ಟನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳೋ ಮೆಕ್ಯಾನಿಕ್ಕೂ ಇದೇ ಜಾತಿಯವನು. ಅವನ ಕಿವಿ ನಂಬಿಯೇ 60 ಜನ ಘಾಟಿ ಇಳಿಯೋದು.

ನಡೆದು ನೋಡಿದ ಮೇಲೆ ಖಾಲಿ ರೈಲು ಓಡಿಸುತ್ತಾರೆ. ಒಂದು ಸಲ ಅಲ್ಲ, ಹಲವು ಸಲ. ಗಾಲಿ ಬಿಸಿಯಾಗುತ್ತೆ, ಸದ್ದು ಬದಲಾದರೆ ಗೊತ್ತಾಗುತ್ತೆ. ಎಲ್ಲ ಸರಿ ಅಂತ ಸಹಿ ಬಿದ್ದ ಮೇಲೇ ಗೇಟು.

ಉಕ್ಕಿಗೂ ದಣಿವು ಇದೆ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಒಂದು ಗಳಿಗೆಯಲ್ಲಿ ಪಟಕ್ಕನೆ ತುಂಡಾಗುತ್ತದಲ್ಲ, ಹಳಿಯೂ ಹಾಗೇ. ಪ್ರತಿ ರೈಲು ಹೋದಾಗ ಒಂದು ಕೂದಲಿನಷ್ಟು ಬಾಗಿ ನೆಟ್ಟಗಾಗುತ್ತೆ. ಲಕ್ಷ ಲಕ್ಷ ಸಲ ಆದ ಮೇಲೆ ಬೆಸುಗೆ ಹಾಕಿದ ಜಾಗದಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳಬಹುದು. ಬರಿಗಣ್ಣಿಗೆ ಕಾಣದ್ದನ್ನು ಹಿಡಿಯೋಕೆ ವಿದ್ಯೆ ಇದೆ. ಕೆಂಪು ಬಣ್ಣದ ದ್ರವ ಬಳಿದು ಒರೆಸಿ, ಬಿಳಿ ಪುಡಿ ಹಚ್ಚುತ್ತಾರೆ. ಬಿರುಕಿನೊಳಗೆ ಇಳಿದ ಕೆಂಪು ಹೊರಗೆ ಒಸರಿ ಗೀಟು ಬೀಳುತ್ತೆ. ಇಲ್ಲವೇ ಉಕ್ಕಿಗೆ ಆಯಸ್ಕಾಂತದ ಬಲ ಹಾಯಿಸಿ ಕಬ್ಬಿಣದ ಪುಡಿ ಉದುರಿಸುತ್ತಾರೆ. ಬಿರುಕು ಇರೋ ಕಡೆ ಪುಡಿ ಸಾಲುಗಟ್ಟುತ್ತೆ. ವರ್ಷಕ್ಕೊಮ್ಮೆ ಬಂಡಿಗಳನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಹೀಗೆ ಪರೀಕ್ಷೆ ಮಾಡುವುದು ಒಳ್ಳೆಯ ಪಾರ್ಕುಗಳ ಪದ್ಧತಿ.

ಮುದಿ ಯಂತ್ರದ ನಿಜವಾದ ಕಷ್ಟ ಇನ್ನೊಂದಿದೆ: ಬಿಡಿಭಾಗ. ಹಳೇ ಸ್ಕೂಟರ್ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ವಾರ್ಜ್‌ಕೋಫ್ ಕಂಪನಿ 1980ರ ದಶಕದಲ್ಲೇ ದಿವಾಳಿ ಎದ್ದಿತು. ಆತ 2001ರಲ್ಲಿ ತೀರಿಕೊಂಡ. ಅವನ ಬಳಿ ಕೆಲಸ ಮಾಡಿದ್ದ ಹ್ಯೂಬರ್ಟ್ ಗೆರ್ಸ್ಟ್‌ಲಾವರ್ ಎಂಬಾತ ಅದೇ ಮ್ಯೂನ್‌ಸ್ಟರ್‌ಹೌಸನ್ ಊರಲ್ಲಿ ತನ್ನದೇ ಕಾರ್ಖಾನೆ ನಡೆಸಿ ಕಸುಬು ಮುಂದುವರಿಸಿದ. ಅಂಗಡಿ ಹೆಸರು ಹೋಯಿತು, ಕೈಗುಣ ಊರಲ್ಲೇ ಉಳಿಯಿತು. ಎಲ್ಲ ಹಳೇ ಯಂತ್ರಕ್ಕೂ ಈ ಅದೃಷ್ಟ ಇರೋದಿಲ್ಲ. ಬಿಡಿಭಾಗ ಸಿಗದೆ ಹೋದಾಗ ಮಾಲೀಕನ ಮುಂದೆ ಎರಡೇ ದಾರಿ: ದುಡ್ಡು ಸುರಿದು ಹೊಸದಾಗಿ ಮಾಡಿಸು, ಇಲ್ಲ ನಿಲ್ಲಿಸು. ಮೂರನೇ ದಾರಿ ಹಿಡಿದು 'ಅಡ್ಜಸ್ಟ್' ಮಾಡಿಕೊಂಡವನೇ ಜನರನ್ನು ಕೊಲ್ಲೋನು.

ಟಿಕೆಟ್ ತಗೊಂಡವನ ಕಣ್ಣು

ಮೆಕ್ಯಾನಿಕ್ ನೋಡದೆ ಹೋದದ್ದನ್ನು ದಾರಿಹೋಕ ನೋಡಿದ ಉದಾಹರಣೆಯೂ ಇದೆ. ಅಮೆರಿಕದ ಷಾರ್ಲಟ್ ಪಟ್ಟಣದ ಹತ್ತಿರದ ಕ್ಯಾರೋವಿಂಡ್ಸ್ ಪಾರ್ಕಿನಲ್ಲಿ 'ಫ್ಯೂರಿ 325' ಎಂಬ ರೋಲರ್ ಕೋಸ್ಟರ್ ಇದೆ. ಲೂಪು ಇಲ್ಲ, ಎತ್ತರ ಮಾತ್ರ 325 ಅಡಿ. 2015ರಲ್ಲಿ ಬಂದದ್ದು. 2023ರ ಜೂನ್ ಕೊನೆಯಲ್ಲಿ ಪಾರ್ಕಿಗೆ ಬಂದವರೊಬ್ಬರು ಕತ್ತೆತ್ತಿ ನೋಡಿದರೆ, ಹಳಿ ಹೊತ್ತ ಉಕ್ಕಿನ ಕಂಬದಲ್ಲಿ ಬಿರುಕು! ರೈಲು ಹೋದಾಗಲೆಲ್ಲ ಕಂಬ ಸಂದು ಬಿಟ್ಟು ಅಲ್ಲಾಡುತ್ತಿತ್ತು. ಅವರು ವೀಡಿಯೋ ಮಾಡಿದರು, ಸಿಬ್ಬಂದಿಗೆ ಹೇಳಿದರು. ಪಾರ್ಕಿನವರು ಯಂತ್ರ ನಿಲ್ಲಿಸಿದರು, ಕಂಬ ಬದಲಾಯಿಸಿದರು, ಆಗಸ್ಟಿನಲ್ಲಿ ಮತ್ತೆ ಓಡಿಸಿದರು. ಯಾರಿಗೂ ಏನೂ ಆಗಲಿಲ್ಲ. ಯಂತ್ರಕ್ಕೆ ಆಗ ಬರೀ ಎಂಟು ವರ್ಷ.

ಆರು ತಿಂಗಳ ಯಂತ್ರದಲ್ಲಿ ಬೋಲ್ಟು ಉದುರಿತು. ಎಂಟು ವರ್ಷದ್ದರಲ್ಲಿ ಕಂಬ ಬಿರಿಯಿತು. 1976ರದ್ದು ಮೂರು ತಲೆಮಾರು ಓಡಿತು. ಇಷ್ಟು ಕೇಳಿದ ಮೇಲೂ "ಹಳೇದಾ, ಹೊಸದಾ" ಅಂತ ಕೇಳ್ತೀರಾ?

ನಮ್ಮ ಜಾತ್ರೆ ಮೈದಾನಕ್ಕೆ ಇಂಥ ದೈತ್ಯ ಬರೋದಿಲ್ಲ ನಿಜ. ಬರೋದು ತೊಟ್ಟಿಲು, ದೋಣಿ ಉಯ್ಯಾಲೆ, ಮಕ್ಕಳ ರೈಲು. ಆದರೆ ಬೋಲ್ಟು ಎಲ್ಲ ಕಡೆಯೂ ಬೋಲ್ಟೇ. ಮೂರೇ ದಿನಕ್ಕೆ ಜೋಡಿಸಿ, ಹತ್ತು ದಿನಕ್ಕೆ ಬಿಚ್ಚೋ ಯಂತ್ರಕ್ಕೆ ಕಾವಲು ಇನ್ನೂ ಜಾಸ್ತಿ ಬೇಕು, ಕಡಿಮೆ ಅಲ್ಲ. ಹಾಗಾಗಿ ಟಿಕೆಟ್ ತಗೊಳ್ಳೋ ಮೊದಲು ಕೇಳಬೇಕಾದ್ದು ಬೇರೆ.

ಇವತ್ತು ಬೆಳಿಗ್ಗೆ ಇದನ್ನು ನೋಡಿದವರು ಯಾರು? ಜನ ಹತ್ತೋ ಮೊದಲು ಖಾಲಿ ಸುತ್ತು ಓಡಿಸಿದ್ರಾ? ಸೀಟಿನ ಕಂಬಿಯನ್ನು ಆಪರೇಟರ್ ತಾನೇ ಎಳೆದು ನೋಡ್ತಾನಾ, ಇಲ್ಲ ದೂರದಿಂದಲೇ ಕೈ ಬೀಸ್ತಾನಾ? ಬೋಲ್ಟು ಇರಬೇಕಾದ ಜಾಗದಲ್ಲಿ ಹಗ್ಗ, ತಂತಿ, ಮರದ ಚೂರು ಇದೆಯಾ? ಪರವಾನಗಿ ಕೊಟ್ಟ ಕಚೇರಿಯವರು ಯಂತ್ರದ ಹತ್ತಿರ ಬಂದು ಹೋದ್ರಾ, ಇಲ್ಲ ಮೇಜಿನ ಮೇಲೇ ಸೀಲು ಒತ್ತಿದ್ರಾ?

ಇದನ್ನು ಕೇಳಿದರೆ ಆಟದವನು ಗುರಾಯಿಸಬಹುದು, ಸರದಿಯಲ್ಲಿ ಹಿಂದೆ ನಿಂತವರು ನಗಬಹುದು. ನಗಲಿ ಬಿಡಿ. ತರಕಾರಿ ಕೊಳ್ಳುವಾಗ ಬದನೆಕಾಯಿ ತಿರುಗಿಸಿ ತಿರುಗಿಸಿ ಹುಳುಕು ನೋಡೋ ಜನ ನಾವು. ಮಗುವನ್ನು ಕೂರಿಸೋ ಸೀಟಿನ ಕೆಳಗೆ ಒಂದು ಸಲ ಬಗ್ಗಿ ನೋಡೋಕೆ ನಾಚಿಕೆ ಯಾಕೆ?